ಆನೆ ಬರುವ ದಾರಿಯಲ್ಲೊಂದು ಸೀಟು

ಸಂಜೆಯ ನಡಿಗೆಯ ಹೆಸರಿನಲ್ಲಿ ನಾವು ಕೃಷ್ಣರಾವ್ ಪಾರ್ಕಿನಲ್ಲಿ ಎರಡು ಸುತ್ತು ಹಾಕಿ ಒಂದೂವರೆ ಗಂಟೆ ಕೂರುತ್ತೇವೆ. ಆ ದಿನ ಮೊದಲ ಸುತ್ತೂ ಮುಗಿಯಲಿಲ್ಲ. ಇಂಜಿನಿಯರ್ ಸಾಹೇಬರು ಆಗಲೇ ಬೆಂಚು ಹಿಡಿದು, ಮೊಬೈಲನ್ನು ಮೂಗಿಗೆ ತಾಗಿಸಿಕೊಂಡು ಕುಳಿತಿದ್ದರು. ಮೊಬೈಲಿನ ತುಂಬ ನೀಲಿ, ಹಸಿರು, ನೇರಳೆ ಚುಕ್ಕಿಗಳು.

“ರಕ್ತ ಪರೀಕ್ಷೆಯ ವರದಿಯೇ?” ಎಂದೆ.

“ಲಂಡನ್ನಿನ ನಾಟಕದ ಥಿಯೇಟರು. ಒಂದೊಂದು ಚುಕ್ಕಿಯೂ ಒಂದೊಂದು ಕುರ್ಚಿ. ಮುಂದಿನ ತಿಂಗಳು ಮಗನ ಮನೆಗೆ ಹೋಗುತ್ತೇವಲ್ಲ, ಮ್ಯೂಸಿಕಲ್, ಅಂದರೆ ಹಾಡು ಕುಣಿತದ ನಾಟಕ ತೋರಿಸುತ್ತೇನೆ, ಸೀಟು ನೀವೇ ನೋಡಿಡಿ ಎಂದಿದ್ದಾನೆ. ನೇರಳೆ ಚುಕ್ಕಿಯ ಬೆಲೆಯನ್ನು ರೂಪಾಯಿಗೆ ಗುಣಿಸಿದೆ. ಆಗಿನಿಂದ ಎದ್ದಿಲ್ಲ.”

ಬಾದಾಮಿ ಕಡೆಯ ಮೇಷ್ಟ್ರು ತಲೆ ತೂರಿಸಿದರು. ಮೂವತ್ತು ವರ್ಷ ಕನ್ನಡ ಪಾಠ ಹೇಳಿದವರು. ಚುಕ್ಕಿ ಕಂಡರೆ ಅದು ಪೂರ್ಣವಿರಾಮವೇ ಎಂದು ನೋಡುತ್ತಾರೆ. “ನೇರಳೆ ಎಲ್ಲಿದೆ?”

“ವೇದಿಕೆಗೆ ಹತ್ತಿರ. ಅಗ್ಗದ ಚುಕ್ಕಿಗಳು ತೀರಾ ಹಿಂದೆ, ಮೇಲೆ. ಇದು ಉಲ್ಟಾ ಅಲ್ಲವೇ? ನಮ್ಮ ಊರಿನ ಟೆಂಟಿನಲ್ಲಿ ಮುಂದೆ ಗಾಂಧಿ ಕ್ಲಾಸು, ಹಿಂದೆ ಕುರ್ಚಿ. ನಾನು ಹುಡುಗನಾಗಿದ್ದಾಗಿನಿಂದ ಹಿಂದಕ್ಕೆ ಹೋಗುವುದನ್ನೇ ಬಡ್ತಿ ಎಂದುಕೊಂಡವನು.”

“ಅದು ಸಿನಿಮಾ ಸ್ವಾಮಿ. ನಾಟಕದಲ್ಲಿ ಭೀಮ ಗದೆ ಬೀಸಿದರೆ ಗಾಳಿ ಬಡಿಯಬೇಕು. ಆ ಗಾಳಿಗೇ ದುಡ್ಡು. ಬನಶಂಕರಿ ಜಾತ್ರೆಯಲ್ಲಿ ಕಂಪನಿ ನಾಟಕದ ಮುಂದಿನ ಕುರ್ಚಿಯಲ್ಲಿ ಕುಳಿತವನು ಊರಿಗೇ ದೊಡ್ಡ ಮನುಷ್ಯ. ಹಿಂದೆ ನೆಲದಲ್ಲಿ ಕುಳಿತವರು ನಾವು. ಆದರೆ ಒಂದು ಮಾತು: ನೆಲದವರು ಶಿಳ್ಳೆ ಹಾಕದೆ ಯಾವ ಹಾಡೂ ಎರಡನೆಯ ಸಲ ಹುಟ್ಟಿದ್ದಿಲ್ಲ. ಕುರ್ಚಿಯವರು ಕೈ ತಟ್ಟಿದರೆ ಹಾರ್ಮೋನಿಯಂ ಮಾಸ್ತರು ತಲೆಯಾಡಿಸುತ್ತಿದ್ದರು, ಅಷ್ಟೇ. ನೆಲದಿಂದ ‘ಒನ್ಸ್ ಮೋರ್’ ಬಂದರೆ ಹಾರ್ಮೋನಿಯಂ ತಾನಾಗಿ ಹಿಂದಕ್ಕೆ ತಿರುಗುತ್ತಿತ್ತು.”

ಮುಂದಿನ ಮಾತು ನಮಗೆ ಗೊತ್ತು. ರಂಗದ ಮೇಲೆ ಸತ್ತವನು ‘ಒನ್ಸ್ ಮೋರ್’ ಕೇಳಿ ಎದ್ದು ಕುಳಿತು ಹಾಡಿ ಮತ್ತೆ ಸತ್ತ ಕಥೆ. ಮೇಷ್ಟ್ರ ಬಾಯಿಂದ ಅದನ್ನು ನಲವತ್ತು ಸಲ ಕೇಳಿದ್ದೇವೆ. ಪ್ರತಿ ಸಲವೂ ಸತ್ತವನ ಹೆಸರು ಬೇರೆ. ಅದು ಹೊರಡುವ ಮುನ್ನವೇ ಕೊನೆಯ ಮನೆಯ ಅತ್ತಿಗೆ ಬಂದು ಕುಳಿತರು. ಮಗಳ ಬಾಣಂತನಕ್ಕೆಂದು ಲಂಡನ್ನಿಗೆ ಹೋಗಿ ಆರು ತಿಂಗಳು ಇದ್ದು ಬಂದವರು. ಮಗು ಮಲಗಿದಾಗಲೆಲ್ಲ ಇವರು ಥಿಯೇಟರಿನಲ್ಲಿದ್ದರು ಎಂದು ಅವರ ಯಜಮಾನರು ಹೇಳುತ್ತಾರೆ.

ಅತ್ತಿಗೆ ಮೊಬೈಲನ್ನು ಕೈಗೆ ತೆಗೆದುಕೊಂಡು, ಪಂಚಾಂಗ ನೋಡುವವರಂತೆ ಕಣ್ಣು ಕಿರಿದು ಮಾಡಿದರು. “ನೇರಳೆಯನ್ನು ಮರೆತುಬಿಡಿ. ಅದು ಕಂಪನಿಯವರ ದುಡ್ಡಿನಲ್ಲಿ ನೋಡುವವರಿಗೆ. ಮೊದಲು ಆಟ ಯಾವುದು ಹೇಳಿ. ಆಟ ಗೊತ್ತಿಲ್ಲದೆ ಸೀಟು ಆರಿಸುವುದೆಂದರೆ ಅಳತೆ ಕೊಡದೆ ರವಿಕೆ ಹೊಲಿಸಿದ ಹಾಗೆ.”

“ಲಯನ್ ಕಿಂಗ್ ಎಂದಿದ್ದಾನೆ.”

“ಹಾಗಾದರೆ ನನ್ನ ಕಥೆ ಕೇಳಿ. ಅದು 1999ರಿಂದ ಲೈಸಿಯಂ ಥಿಯೇಟರಿನಲ್ಲೇ ನಡೆಯುತ್ತಿದೆ. ಮೊದಲ ಸಲ ಮಗಳು ನನ್ನನ್ನು ತೀರಾ ಮೇಲೆ ಕೂರಿಸಿದಳು. ಆ ಊರಿನವರು ಥಿಯೇಟರಿನ ಮೇಲಟ್ಟಕ್ಕೆ ‘ಗಾಡ್ಸ್’ ಎನ್ನುತ್ತಾರೆ, ದೇವರುಗಳು ಎಂದು. ಚಾವಣಿ ಕೈಗೆಟಕುವಷ್ಟು ಎತ್ತರ.”

“ವೈಕುಂಠ ಅಗ್ಗವಾಗಿ ಸಿಗುತ್ತದೆ ಎನ್ನಿ” ಎಂದೆ.

“ಮೆಟ್ಟಿಲು ಹತ್ತಿದರೆ ವೈಕುಂಠವೇ. ಆಟ ಶುರುವಾಯಿತು. ಜುಲು ಭಾಷೆಯಲ್ಲಿ ಒಂದು ಕೂಗು. ಒಂದು ಅಕ್ಷರ ತಿಳಿಯಲಿಲ್ಲ, ಮೈ ಜುಮ್ಮೆಂದಿತು. ಅಷ್ಟರಲ್ಲಿ ಕೆಳಗಿದ್ದವರೆಲ್ಲ ಒಮ್ಮೆಲೇ ಹಿಂದಕ್ಕೆ ತಿರುಗಿದರು. ಏನೋ ದೊಡ್ಡದು ಬರುತ್ತಿದೆ. ನನಗೆ ಕಂಡಿದ್ದು ತಿರುಗಿದ ತಲೆಗಳು ಮಾತ್ರ. ಬೋಳು ತಲೆಗಳನ್ನು ಅಷ್ಟು ವಿವರವಾಗಿ ನಾನು ಎಂದೂ ನೋಡಿರಲಿಲ್ಲ. ಆಮೇಲೆ ಗೊತ್ತಾಯಿತು, ಪ್ರೇಕ್ಷಕರ ನಡುವಿನ ದಾರಿಯಲ್ಲೇ ಆನೆ ನಡೆದು ಬಂದಿದೆ! ಒಳಗೆ ನಾಲ್ಕು ಜನ ನಡೆಯುವ ಬೊಂಬೆಯಾನೆ.”

“ನಾಲ್ಕು ಜನರ ಆನೆ ಎಂಥ ಆನೆ!” ಎಂದು ನಾನು ಬಾಯಿ ಹಾಕಿದೆ. ಇಲ್ಲಿ ನನಗೂ ಒಂದು ಹಕ್ಕಿದೆ. ನಮ್ಮ ಅಜ್ಜ ತುಮಕೂರು ಜಿಲ್ಲೆಯವರು. “1934ರಲ್ಲಿ ಗುಬ್ಬಿ ಕಂಪನಿಯ ‘ಕುರುಕ್ಷೇತ್ರ’ದಲ್ಲಿ ವೀರಣ್ಣನವರು ನಿಜವಾದ ಆನೆ, ಕುದುರೆಗಳನ್ನೇ ರಂಗಕ್ಕೆ ತಂದಿದ್ದರು. ಅದು ಲದ್ದಿ ಹಾಕುವ ಆನೆ.”

“ಮುಂದಿನ ಸಾಲಿನ ಬೆಲೆ ಹೆಚ್ಚಿತ್ತೋ ಕಡಿಮೆಯೋ?” ಎಂದು ಇಂಜಿನಿಯರ್ ಗಂಭೀರವಾಗಿ ಕೇಳಿದರು. ಅಜ್ಜ ಆ ವಿವರ ಬಿಟ್ಟು ಹೋಗಿಲ್ಲ.

“ಎರಡನೆಯ ಸಲ ನಾನೇ ಹಟ ಹಿಡಿದೆ” ಎಂದು ಅತ್ತಿಗೆ ಮುಂದುವರಿಸಿದರು. “ಬುಧವಾರ ಮಧ್ಯಾಹ್ನದ ಆಟ. ಕೆಳಗೆ, ಹಿಂದಿನ ಸಾಲುಗಳಲ್ಲಿ, ಆದರೆ ದಾರಿಯ ಪಕ್ಕದ ಸೀಟು. ಆನೆ ನನ್ನ ಸೆರಗಿಗೆ ತಾಗಿಕೊಂಡು ಹೋಯಿತು. ಅದರ ಒಳಗಿದ್ದ ಹುಡುಗ ಉಸಿರು ಬಿಟ್ಟದ್ದೂ ಕೇಳಿಸಿತು. ಐದು ಸಾಲು ಮುಂದೆ, ನಟ್ಟನಡುವೆ, ದುಪ್ಪಟ್ಟು ಕೊಟ್ಟು ಕುಳಿತವರು ಕತ್ತು ತಿರುಗಿಸಿ ನನ್ನ ಕಡೆ ನೋಡುತ್ತಿದ್ದರು.”

“ಹಾಗಾದರೆ ಎಲ್ಲ ಆಟಕ್ಕೂ ದಾರಿಯ ಪಕ್ಕವೇ ಒಳ್ಳೆಯದು” ಎಂದು ಇಂಜಿನಿಯರ್ ಜೇಬಿನಿಂದ ಚೀಟಿ ತೆಗೆದು ಬರೆಯಹೊರಟರು.

“ಅಯ್ಯೋ ಬರೆಯಬೇಡಿ! 1986ರಿಂದ ನಡೆಯುತ್ತಿರುವ ‘ಫ್ಯಾಂಟಮ್ ಆಫ್ ದಿ ಆಪೆರಾ’ ಎಂಬ ಮ್ಯೂಸಿಕಲ್ ಇದೆಯಲ್ಲ, ಅಲ್ಲಿ ಪ್ರೇಕ್ಷಕರ ತಲೆಯ ಮೇಲಕ್ಕೆ ದೊಡ್ಡ ತೂಗುದೀಪ ಏರುತ್ತದೆ. ಕೆಳಗೆ ಹಿಂದಿನ ಸಾಲಿನಲ್ಲಿ ಕುಳಿತರೆ ಮೇಲಿನ ಬಾಲ್ಕನಿ ಅಡ್ಡ ಬಂದು, ದೀಪ ಎಲ್ಲಿಗೆ ಹೋಯಿತು ಎಂದು ಪಕ್ಕದವರನ್ನು ಕೇಳಬೇಕು. ಅದಕ್ಕೆ ಮೇಲೆಯೇ ಸರಿ. ಮೇಲೆ ಹೋದರೂ ಮೊದಲ ಸಾಲು ಬೇಡ. ಅಲ್ಲಿ ಬೀಳದಿರಲಿ ಎಂದು ಕಂಬಿ ಹಾಕಿರುತ್ತಾರೆ. ನನ್ನ ಎತ್ತರಕ್ಕೆ ಆ ಕಂಬಿ ಸರಿಯಾಗಿ ನಾಯಕಿಯ ಕುತ್ತಿಗೆಗೆ ಬಂತು. ಎರಡು ಗಂಟೆ ಹಾಡಿದ್ದು ಮುಂಡವೋ ರುಂಡವೋ ತಿಳಿಯಲಿಲ್ಲ. ಬಗ್ಗಿ ನೋಡಿದರೆ ಹಿಂದಿನವರು ಬೈಯುತ್ತಾರೆ. ಕೊನೆಗೆ ಮಕ್ಕಳಿಗೆ ಕೊಡುವ ಎತ್ತರದ ದಿಂಬು ಕೇಳಿದೆ. ಮಗು ಎಲ್ಲಿ ಎಂದರು. ಮನೆಯಲ್ಲಿ ಮಲಗಿದೆ ಎಂದೆ. ಕೊಟ್ಟರು.”

ಮೇಷ್ಟ್ರು ನಕ್ಕು ನಕ್ಕು ಕೆಮ್ಮಿದರು. ಇಂಜಿನಿಯರಿಗೆ ನಗು ಬರಲಿಲ್ಲ. ಅವರಿಗೆ ಹೊಸದೊಂದು ಚುಕ್ಕಿ ಕಂಡಿತ್ತು. “ಇದನ್ನು ನೋಡಿ. ಮೊದಲನೆಯ ಸಾಲೇ, ಆದರೆ ಅಗ್ಗ. ಏನೋ ಮೋಸವಿದೆ.”

“ಮೋಸವಿಲ್ಲ, ವೇದಿಕೆ ಎತ್ತರ. ಅಲ್ಲಿ ಕುಳಿತರೆ ಕುಣಿಯುವವರಿಗೆ ಪಾದಗಳೇ ಇಲ್ಲ ಎಂದು ನಂಬಬೇಕು, ಅಷ್ಟೇ. ನ್ಯೂಯಾರ್ಕಿನಲ್ಲಿ 1996ರಲ್ಲಿ ‘ರೆಂಟ್’ ಎಂಬ ಮ್ಯೂಸಿಕಲ್ ಬಂದಾಗ ಮುಂದಿನ ಎರಡು ಸಾಲನ್ನು ಅದೇ ದಿನ 20 ಡಾಲರಿಗೆ ಮಾರಿದರಂತೆ. ಬಡ ಕಲಾವಿದರ ಕಥೆ, ಬಡವರೂ ಮುಂದೆ ಕೂರಲಿ ಎಂದು. ಹುಡುಗರು ರಾತ್ರಿಯೆಲ್ಲ ಬೀದಿಯಲ್ಲಿ ಮಲಗಿ ಸಾಲು ಹಿಡಿಯುತ್ತಿದ್ದರಂತೆ. ಈಗ ಲಂಡನ್ನಿನಲ್ಲಿ ಹಲವು ಆಟಗಳಿಗೆ ಬೀದಿಯೂ ಬೇಡ. ಬೆಳಿಗ್ಗೆ ಮೊಬೈಲು ಹಿಡಿದು ಕಾದರೆ ಆ ದಿನದ ಅಗ್ಗದ ಟಿಕೆಟು ಸಿಗುತ್ತದೆ. ಇಲ್ಲವಾದರೆ ಲೆಸ್ಟರ್ ಸ್ಕ್ವೇರಿನಲ್ಲಿ ರಿಯಾಯಿತಿ ಟಿಕೆಟಿನ ಗೂಡಿದೆ. ನಾನು ಅಲ್ಲಿ ಚೌಕಾಸಿ ಮಾಡಲು ಹೋದೆ, ಮಗಳು ಕೈ ಹಿಡಿದು ಎಳೆದಳು.”

ನನಗೆ ಮೊದಲನೆಯ ಸಾಲಿನ ಮೇಲೆ ಮೊದಲಿನಿಂದಲೂ ಪ್ರೀತಿ, ಅದೂ ಪಕ್ಕಕ್ಕೆ ಸರಿದದ್ದು. ಕಂಪನಿ ನಾಟಕದಲ್ಲಿ ಕಾಲು ಹಾರ್ಮೋನಿಯಂ ಮಾಸ್ತರು ರಂಗದ ಮುಂದೆ, ನಮಗೆ ಬೆನ್ನು ಮಾಡಿ ಕೂರುತ್ತಿದ್ದರು. ಅವರ ಹಿಂದೆ ಜಾಗ ಸಿಕ್ಕರೆ ರಾಜನ ಮುಖ ಅರ್ಧ ಕಾಣುವುದಿಲ್ಲ, ನಿಜ. ಆದರೆ ಕಾಲು ಗಾಳಿ ಒತ್ತುತ್ತ, ಕೈ ಓಡುತ್ತ, ಕಣ್ಣು ಮಾತ್ರ ನಟನ ತುಟಿಯ ಮೇಲೆ. ಶ್ರುತಿ ತಪ್ಪಿದ ನಟನನ್ನು ಮಾಸ್ತರು ಮೂರು ಸ್ವರಗಳಲ್ಲಿ ಕೊರಳಪಟ್ಟಿ ಹಿಡಿದು ದಾರಿಗೆ ತರುವುದನ್ನು ನೋಡಿದವನಿಗೆ ರಾಜನ ಮುಖ ಯಾಕೆ ಬೇಕು? ಇದನ್ನು ಹೇಳಿದೆ.

“ಅಲ್ಲಿಯೂ ವಾದ್ಯದವರು ವೇದಿಕೆಯ ಮುಂದೆ ಗುಂಡಿಯಲ್ಲಿ ಇರುತ್ತಾರೆ” ಎಂದರು ಅತ್ತಿಗೆ. “ಎಲ್ಲ ಮುಗಿದು ನಟರು ಕೈಮುಗಿದು ಒಳಗೆ ಹೋದ ಮೇಲೂ ನುಡಿಸುತ್ತಿರುತ್ತಾರೆ. ಜನ ರೈಲಿಗೆ ಓಡುತ್ತಾರೆ. ನಾನು ಕೊನೆಯ ಸ್ವರದವರೆಗೂ ನಿಂತು ಚಪ್ಪಾಳೆ ತಟ್ಟಿದೆ. ಗುಂಡಿಯೊಳಗಿಂದ ಒಬ್ಬ ಪಿಟೀಲಿನವನು ಕೋಲು ಎತ್ತಿ ತೋರಿಸಿದ. ಟಿಕೆಟಿನ ದುಡ್ಡು ಅಲ್ಲಿಗೆ ಚುಕ್ತಾ.”

“ಒನ್ಸ್ ಮೋರ್ ಎಂದಿದ್ದರೆ?” ಎಂದರು ಮೇಷ್ಟ್ರು ಆಸೆಯಿಂದ.

“ಹೊರಗೆ ಹಾಕುತ್ತಿದ್ದರು.”

ಮೇಷ್ಟ್ರಿಗೆ ಲಂಡನ್ನಿನ ಮೇಲಿದ್ದ ಗೌರವ ಅಲ್ಲಿಗೆ ಇಳಿಯಿತು. “ಅಷ್ಟು ದುಡ್ಡು ಕೊಟ್ಟು ಒಂದೇ ಸಲ ಕೇಳುವುದೇ? ಬನಶಂಕರಿಯಲ್ಲಿ ಒಂದು ಟಿಕೆಟಿಗೆ ಮೂರು ಸಲ ಕೇಳಿದ್ದೇನೆ. ಮತ್ತೆ ಸೀಟಿನ ಮಾತೆಂದರೆ, ರಾತ್ರಿಯ ಆಟಕ್ಕೆ ಕುರ್ಚಿಯೂ ಅಲ್ಲ, ಬೆಂಚೂ ಅಲ್ಲ, ಟೆಂಟಿನ ಕಂಬ. ಕಂಬಕ್ಕೆ ಬೆನ್ನು ಕೊಟ್ಟರೆ ಬೆಳಗಿನವರೆಗೂ ಚಿಂತೆಯಿಲ್ಲ. ಅದಕ್ಕಾಗಿ ಸಂಜೆ ಐದಕ್ಕೇ ಟವೆಲು ಹಾಸುತ್ತಿದ್ದೆವು.”

“ಕಂಬ ನೋಟಕ್ಕೆ ಅಡ್ಡಿ. ಇಲ್ಲಿ ಬರೆದೇ ಇದ್ದಾರೆ, ಅಡ್ಡಿಯಿರುವ ಸೀಟು ಅಗ್ಗ ಎಂದು. ಎಷ್ಟು ಶೇಕಡಾ ಅಡ್ಡಿ ಎಂದು ಬರೆದಿಲ್ಲ” ಎಂದು ಇಂಜಿನಿಯರ್ ಕೊರಗಿದರು. “ಶೇಕಡಾ ಹತ್ತಾದರೆ ಒಪ್ಪಬಹುದು.”

“ನಿಮಗೆ ಶೇಕಡಾ ಎಪ್ಪತ್ತಾದರೂ ನಡೆಯುತ್ತದೆ” ಎಂದೆ. ಹೇಳಬಾರದಿತ್ತು, ಆದರೆ ‘ಮಲೆಗಳಲ್ಲಿ ಮದುಮಗಳು’ ನೆನಪಾಯಿತು. ಕುವೆಂಪು ಅವರ ಕಾದಂಬರಿ, ಸಿ. ಬಸವಲಿಂಗಯ್ಯನವರ ನಿರ್ದೇಶನ, ಹಂಸಲೇಖ ಅವರ ಸಂಗೀತ. ಒಂಬತ್ತು ಗಂಟೆಯ ನಾಟಕ. 2010ರಲ್ಲಿ ಮೈಸೂರಿನ ರಂಗಾಯಣದಲ್ಲಿ ಶುರುವಾದದ್ದು, ಆಮೇಲೆ ಬೆಂಗಳೂರಿನ ಕಲಾಗ್ರಾಮಕ್ಕೂ ಬಂತು. ನಾಲ್ಕು ರಂಗಸ್ಥಳಗಳು, ಕಥೆ ಸರಿದಂತೆ ಪ್ರೇಕ್ಷಕರೂ ಕಂಬಳಿ, ಚಾಪೆ ಹೊತ್ತು ಮುಂದಿನ ರಂಗಕ್ಕೆ ಸರಿಯಬೇಕು. ಅಲ್ಲಿ ಸೀಟಿನ ಭಾಗ್ಯ ದುಡ್ಡಿನಲ್ಲಿಲ್ಲ, ಮೊಣಕಾಲಿನಲ್ಲಿದೆ. ಓಡಿದವನಿಗೆ ಮುಂದಿನ ಸಾಲು. ನಾವು ಓಡಿದೆವು. ಇಂಜಿನಿಯರ್ ಸಾಹೇಬರು ಎರಡನೆಯ ರಂಗದಲ್ಲಿ ಹಾಡೊಂದು ಶುರುವಾಗುತ್ತಲೇ ಕಣ್ಣು ಮುಚ್ಚಿದರು, ರಸಾಸ್ವಾದವೆಂದು ತಿಳಿದು ಬಿಟ್ಟುಬಂದೆವು. ಎಚ್ಚರವಾದಾಗ ಅವರ ಮುಂದೆ ರಂಗವೂ ಖಾಲಿ, ಸುತ್ತ ಚಾಪೆಗಳೂ ಖಾಲಿ. ದೂರದಿಂದ ಹಾಡು ಕೇಳುತ್ತಿತ್ತು. ನಾಟಕ ಮುಗಿಯಿತೆಂದು ಎದ್ದು ಒಬ್ಬರೇ ಚಪ್ಪಾಳೆ ತಟ್ಟಿದರಂತೆ.

“ಆ ದಿನ ಮಾತ್ರೆ ತೆಗೆದುಕೊಂಡಿದ್ದೆ” ಎಂದರು ಇಂಜಿನಿಯರ್.

ಅತ್ತಿಗೆ ಮಾತು ತಿರುಗಿಸಿದರು. ಆನೆಯ ದಾರಿಯೇ ಗತಿ ಎಂದು ತೀರ್ಮಾನವಾಯಿತು. ದಾರಿಯ ಪಕ್ಕದ ಎರಡು ಚುಕ್ಕಿಗಳನ್ನು ಮೇಷ್ಟ್ರು ತೋರಿಸಿದರು. ಅವು ಒಂದರ ಹಿಂದೆ ಒಂದು ಇದ್ದವು. ಗಂಡ ಹೆಂಡತಿ ಹಿಂದೆ ಮುಂದೆ ಕೂರಬಹುದೇ? ಮುಂದೆ ಯಾರು? ನಲವತ್ತೆರಡು ವರ್ಷ ಸಂಸಾರ ಮಾಡಿದವರು ಎರಡೂವರೆ ಗಂಟೆ ಬೇರೆ ಕೂತರೆ ಏನಾಗುತ್ತದೆ ಎಂದು ಅತ್ತಿಗೆ. ಪಕ್ಕದಲ್ಲಿಲ್ಲದಿದ್ದರೆ ತಿವಿಯುವವರು ಯಾರು ಎಂದು ನಾನು. ಇಂಜಿನಿಯರ್ ಬೆರಳಿಟ್ಟರು. ಒಂದು ಚುಕ್ಕಿ ಬೂದು ಬಣ್ಣಕ್ಕೆ ತಿರುಗಿತು. ಯಾರೋ ಕೊಂಡುಬಿಟ್ಟಿದ್ದರು.

ಅಷ್ಟರಲ್ಲಿ ಫೋನು ಬಂತು, ಮಗನದೇ. ಲಂಡನ್ನಿನಲ್ಲಿ ಊಟದ ಹೊತ್ತು. ಇಂಜಿನಿಯರಿಗೆ ಕಿವಿ ಸ್ವಲ್ಪ ಮಂದ, ಆದ್ದರಿಂದ ಅವರ ಫೋನು ಪಾರ್ಕಿಗೆಲ್ಲ ಕೇಳುತ್ತದೆ.

“ಅಪ್ಪಾ, ಸೀಟು ಹುಡುಕಬೇಡಿ. ಅಮ್ಮ ನಿನ್ನೆಯೇ ಹೇಳಿ ಬುಕ್ ಮಾಡಿಸಿದರು. ಅಮ್ಮನಿಗೆ ಕೆಳಗೆ, ದಾರಿಯ ಪಕ್ಕದ್ದು. ಆನೆ ಬರುತ್ತದಂತಲ್ಲ, ಕೊನೆಯ ಮನೆಯ ಆಂಟಿ ಹೇಳಿದ್ದಾರಂತೆ.”

ಅತ್ತಿಗೆ ಮರದ ಮೇಲಿನ ಹಕ್ಕಿಯನ್ನು ನೋಡತೊಡಗಿದರು.

“ನನಗೆ?”

“ನಿಮಗೆ ಮೇಲೆ, ಸಾಲಿನ ಕೊನೆಯದು. ಗೋಡೆಗೆ ಹತ್ತಿಕೊಂಡಿದೆ. ತುಂಬಾ ಅಗ್ಗಕ್ಕೆ ಸಿಕ್ಕಿತು.”

“ಗೋಡೆಯ ಮೂಲೆಯೇ? ಅಲ್ಲಿಂದ ವೇದಿಕೆ ಕಾಣುತ್ತದೆಯೇನೋ?”

“ನಾನೂ ಅದನ್ನೇ ಕೇಳಿದೆ. ವೇದಿಕೆ ಯಾಕೆ, ಒರಗಿಕೊಳ್ಳುವುದಕ್ಕೆ ಗೋಡೆಯಿದ್ದರೆ ಸಾಕು ಎಂದರು ಅಮ್ಮ.”

ಮೇಷ್ಟ್ರು ನನ್ನ ತೊಡೆ ತಟ್ಟಿ, ಕಂಬ, ಕಂಬ ಎಂದು ಪಿಸುಗುಟ್ಟಿದರು. ಇಂಜಿನಿಯರ್ ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು, ಸ್ವಲ್ಪ ಹೊತ್ತು ಏನೋ ಲೆಕ್ಕ ಹಾಕಿದರು.

“ಗೋಡೆ ಎಡಗಡೆಯದೋ, ಬಲಗಡೆಯದೋ?”