ಮಲ್ಟಿ ಸ್ಪ್ಲಿಟ್ ಎಸಿ: ಒಂದು ಯೂನಿಟ್ ದೀಪ ಮಿಟುಕಿಸಿ ಸುಮ್ಮನಾಗುತ್ತದೆ, ಆಫ್ ಮಾಡಿದ ಕೋಣೆ ಬಿಸಿಯಾಗುತ್ತದೆ

ಪ್ರಶ್ನೆ

ಹೊರಗೆ ಒಂದು ಯೂನಿಟ್, ಒಳಗೆ ಮೂರು: ಹಾಲ್, ಮಲಗುವ ಕೋಣೆ, ಕಂಪ್ಯೂಟರ್‌ಗಳಿರುವ ಓದುವ ಕೋಣೆ. ಡಕ್ಟ್ ಇಲ್ಲ, ಮೂರಕ್ಕೂ ಬೇರೆ ಬೇರೆ ರಿಮೋಟ್. ಬೇಸಿಗೆಯಲ್ಲಿ ತಕರಾರೇ ಇರಲಿಲ್ಲ. ಚಳಿಗಾಲ ಬಂದಮೇಲೆ ಎರಡು ತೊಂದರೆ. ಹಾಲ್‌ನಲ್ಲಿ ಹೀಟ್ ಓಡುವಾಗ ಓದುವ ಕೋಣೆಯ ಯೂನಿಟ್ ಕೆಲವೊಮ್ಮೆ ದೀಪ ಮಿಟುಕಿಸುತ್ತಾ ನಿಲ್ಲುತ್ತದೆ, ಗಾಳಿಯೇ ಬರುವುದಿಲ್ಲ. ಇನ್ನೊಂದು, ಮಲಗುವ ಕೋಣೆಯದನ್ನು ಆಫ್ ಮಾಡಿದರೂ ಅದರೊಳಗೆ ಸಣ್ಣಗೆ 'ಸುಯ್' ಸದ್ದು, ಕೋಣೆ ಬೆಚ್ಚಗಾಗುತ್ತದೆ. ಗ್ಯಾಸ್ ಕಡಿಮೆ ಇರಬಹುದು, ತುಂಬಿಸೋಣ ಎನ್ನುತ್ತಿದ್ದಾರೆ ಸರ್ವಿಸ್‌ನವರು. ತುಂಬಿಸಬೇಕೆ?

ಉತ್ತರ

ಸದ್ಯಕ್ಕೆ ಬೇಡ. ಓದುವ ಕೋಣೆಯ ರಿಮೋಟ್ ಯಾವ ಮೋಡ್‌ನಲ್ಲಿದೆ?

ಪ್ರಶ್ನೆ ಕೇಳಿದವರು

ಆಟೋ. ಉಳಿದೆರಡೂ ಹೀಟ್.

ಉತ್ತರ

ಹಾಗಿದ್ದರೆ ಮೊದಲನೆಯದರ ಮೂಲ ಅಲ್ಲೇ ಇದೆ. ರಿಮೋಟ್ ಮೂರಿದ್ದರೂ ಕಂಪ್ರೆಸರ್ ಒಂದೇ, ಗ್ಯಾಸ್ ಹರಿಯುವ ದಿಕ್ಕನ್ನು ತಿರುಗಿಸುವ ರಿವರ್ಸಿಂಗ್ ವಾಲ್ವ್ ಕೂಡ ಒಂದೇ. ಆ ವಾಲ್ವ್ ಒಂದು ಹೊತ್ತಿಗೆ ಹೀಟ್ ಕಡೆಗಿರುತ್ತದೆ ಅಥವಾ ಕೂಲ್ ಕಡೆಗಿರುತ್ತದೆ. ಕಂಪ್ಯೂಟರ್‌ಗಳಿಂದ ಓದುವ ಕೋಣೆ ಕಾದಾಗ ಆಟೋ ಮೋಡ್ ತಾನಾಗಿ ಕೂಲ್ ಕೇಳುತ್ತದೆ. ಹಾಲ್ ಆಗಲೇ ಹೀಟ್ ತೆಗೆದುಕೊಂಡಿರುತ್ತದೆ. ಹೆಚ್ಚಿನ ಯಂತ್ರಗಳಲ್ಲಿ ಮೊದಲು ಶುರುವಾದ ಯೂನಿಟ್‌ನ ಮಾತೇ ನಡೆಯುತ್ತದೆ. ಕೆಲವದರಲ್ಲಿ ಒಂದು ಕೋಣೆಗೆ ಆದ್ಯತೆ ಕೊಡುವ ಸೆಟ್ಟಿಂಗ್ ಇರುತ್ತದೆ. ಸೋತ ಯೂನಿಟ್ ದೀಪ ಮಿಟುಕಿಸುತ್ತಾ ಕಾಯುತ್ತದೆ. ಗಾಳಿಯ ತೇವ ತೆಗೆಯುವ ಡ್ರೈ ಮೋಡ್ ಕೂಡ ಕೂಲ್ ಲೆಕ್ಕಕ್ಕೇ ಸೇರುತ್ತದೆ ಎಂಬುದು ನೆನಪಿರಲಿ. ಮಲ್ಟಿ ಸ್ಪ್ಲಿಟ್‌ನಲ್ಲಿ ಆಟೋ ಮೋಡ್ ಬಳಸಲೇಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಒಂದೇ ಹೊತ್ತಿಗೆ ಒಂದು ಕೋಣೆಗೆ ಬಿಸಿ, ಇನ್ನೊಂದಕ್ಕೆ ತಂಪು ಕೊಡುವ ಹೀಟ್ ರಿಕವರಿ ವ್ಯವಸ್ಥೆಗಳಿವೆ, ಆದರೆ ಅವುಗಳ ಪೈಪಿಂಗೇ ಬೇರೆ. ಇರುವುದನ್ನು ಹಾಗೆ ಬದಲಿಸಲು ಬರುವುದಿಲ್ಲ.

ಎರಡನೆಯದಕ್ಕೆ 'ಬೇಸಿಗೆಯಲ್ಲಿ ಇರಲಿಲ್ಲ' ಎಂಬ ನಿಮ್ಮ ಮಾತೇ ಸುಳಿವು. ಪ್ರತಿ ಕೋಣೆಗೂ ಒಂದು ಸಣ್ಣ, ಒಂದು ದಪ್ಪ ಪೈಪು ಹೋಗುತ್ತದೆ. ಸಣ್ಣ ಪೈಪಿಗೆ ಹೊರಗಿನ ಯೂನಿಟ್‌ನಲ್ಲಿ ಒಂದೊಂದು ಎಲೆಕ್ಟ್ರಾನಿಕ್ ಎಕ್ಸ್‌ಪ್ಯಾನ್ಷನ್ ವಾಲ್ವ್, ಅಂದರೆ ಎಷ್ಟು ಗ್ಯಾಸ್ ಹರಿಯಬೇಕೆಂದು ನಿಯಂತ್ರಿಸುವ ವಾಲ್ವ್ ಇರುತ್ತದೆ. ಕೂಲ್‌ನಲ್ಲಿ ಆಫ್ ಮಾಡಿದ ಕೋಣೆಯ ವಾಲ್ವ್ ಮುಚ್ಚಿಕೊಳ್ಳುತ್ತದೆ. ಹೀಟ್‌ನಲ್ಲಿ ಹಾಗಲ್ಲ. ದಪ್ಪ ಪೈಪುಗಳೆಲ್ಲ ಹೊರಗಿನ ಯೂನಿಟ್‌ನೊಳಗೆ ಒಂದಕ್ಕೊಂದು ಸೇರಿರುವುದರಿಂದ ಬಿಸಿ ಗ್ಯಾಸ್ ಆಫ್ ಇರುವ ಕೋಣೆಯ ಕಾಯಿಲ್‌ಗೂ (ಕೋಣೆಯ ಯೂನಿಟ್‌ನಲ್ಲಿ ಗ್ಯಾಸ್ ಹರಿಯುವ ಸುರುಳಿ ಪೈಪು) ತಲುಪುತ್ತದೆ. ಅಲ್ಲಿನ ವಾಲ್ವ್ ಪೂರ್ತಿ ಮುಚ್ಚಿದರೆ ಗ್ಯಾಸ್ ದ್ರವವಾಗಿ ಅಲ್ಲೇ ನಿಂತು, ಜೊತೆಗೆ ಕಂಪ್ರೆಸರ್ ಎಣ್ಣೆಯೂ ಸಿಕ್ಕಿಕೊಂಡು, ಓಡುವ ಕೋಣೆಗಳಿಗೆ ಕೊರತೆಯಾಗುತ್ತದೆ. ಅದಕ್ಕೇ ಬೇಕೆಂದೇ ವಾಲ್ವನ್ನು ಸ್ವಲ್ಪ ತೆರೆದಿಡುತ್ತಾರೆ. ನೀವು ಕೇಳುತ್ತಿರುವ ಸದ್ದು ಅದರದ್ದು.

ಇನ್ನೊಬ್ಬರು

ಮೇಲಿನದೆಲ್ಲ ಸರಿ, ಆದರೂ ಕೇಬಲ್ ಅದಲುಬದಲಾಗಿಲ್ಲ ಎಂದು ಖಾತ್ರಿ ಮಾಡಿಕೊಳ್ಳಿ. ಒಂದು ಕೋಣೆಯ ಪೈಪು, ಇನ್ನೊಂದು ಕೋಣೆಯ ವೈರು ಹೊರಗಿನ ಯೂನಿಟ್‌ನ ಒಂದೇ ಪೋರ್ಟಿಗೆ (ಜೋಡಣೆಯ ಜಾಗ) ಹೋಗಿದ್ದರೆ ಈ ಕೋಣೆಯ ರಿಮೋಟ್ ಆ ಕೋಣೆಯ ವಾಲ್ವ್ ತೆರೆಯುತ್ತದೆ. ಬೇಸಿಗೆಯಲ್ಲಿ ಮೂರೂ ಒಟ್ಟಿಗೆ ಓಡಿದ್ದರೆ ಇದು ಗಮನಕ್ಕೇ ಬಂದಿರುವುದಿಲ್ಲ. ಎರಡನ್ನು ಆಫ್ ಮಾಡಿ, ಒಂದನ್ನೇ ಹೀಟ್‌ನಲ್ಲಿ ಕಾಲು ಗಂಟೆ ಓಡಿಸಿ. ಕಾಯಿಲ್ ಬಿಸಿಯಾಗುವವರೆಗೆ ಫ್ಯಾನ್ ತಿರುಗದೆ ಕಾಯುವುದು ಸಹಜ. ಆದರೆ ಫ್ಯಾನ್ ಏಳಲೇ ಇಲ್ಲ, ಆಫ್ ಇರುವ ಇನ್ನೊಂದರ ಕಾಯಿಲ್ ಮಾತ್ರ ಕಾದು ಸುಡುತ್ತಿದೆ ಎಂದಾದರೆ ಕೇಬಲ್ ತಪ್ಪಾಗಿದೆ. ಸುಮ್ಮನೆ ಬೆಚ್ಚಗಿದ್ದರೆ ಮೇಲೆ ಹೇಳಿದ ಕಾರಣವೇ. ಮೂರನ್ನೂ ಹೀಗೆ ಒಂದೊಂದಾಗಿ ನೋಡಿ.

ಪ್ರಶ್ನೆ ಕೇಳಿದವರು

ಮೂರೂ ಕೋಣೆಗಳಲ್ಲಿ ಸರಿಯಾಗಿಯೇ ಬಂತು. ಆಟೋ ತೆಗೆದ ಮೇಲೆ ದೀಪ ಮಿಟುಕುವುದೂ ನಿಂತಿದೆ. ಆದರೆ ರಾತ್ರಿ ಮಲಗುವ ಕೋಣೆಯೊಂದೇ ಓಡುವಾಗ ಹೊರಗಿನ ಯೂನಿಟ್ ಪದೇಪದೇ ನಿಂತು ಶುರುವಾಗುತ್ತದೆ. ಇದು ಕಂಪ್ರೆಸರ್ ವೇಗ ಹೆಚ್ಚು ಕಡಿಮೆ ಮಾಡುವ ಇನ್ವರ್ಟರ್ ಎಸಿ ಅಲ್ಲವೇ, ನಿಧಾನವಾಗಿ ಓಡುತ್ತಲೇ ಇರಬೇಕಲ್ಲವೇ?

ಉತ್ತರ

ಇನ್ವರ್ಟರಿಗೂ ಒಂದು ಕೆಳಮಿತಿ ಇದೆ. ಯಂತ್ರದ ತಾಂತ್ರಿಕ ಹಾಳೆಯಲ್ಲಿ 'ಕನಿಷ್ಠ ಸಾಮರ್ಥ್ಯ' ನೋಡಿ. ಉದಾಹರಣೆಗೆ ಅದು 2 ಕಿಲೋವಾಟ್ ಇದ್ದು, ಕೋಣೆಗೆ ಬೇಕಾದದ್ದು 0.7 ಕಿಲೋವಾಟ್ ಆದರೆ, ಹೆಚ್ಚಾದ ಬಿಸಿಗೆ ಜಾಗವಿಲ್ಲದೆ ಕಂಪ್ರೆಸರ್ ನಿಲ್ಲಲೇಬೇಕು. ಮತ್ತೆ ಹೊರಡಲು ಸುಮಾರು 3 ನಿಮಿಷದ ಕಡ್ಡಾಯ ತಡೆಯೂ ಇರುತ್ತದೆ. ರಾತ್ರಿ ಹಾಲ್‌ನದನ್ನೂ ಕಡಿಮೆ ಉಷ್ಣತೆಗಿಟ್ಟು ಆನ್ ಇಡಿ, ಎರಡೂ ಒಟ್ಟಿಗೆ ಬಿಸಿ ಕೇಳುವಷ್ಟು ಹೊತ್ತಾದರೂ ಕಂಪ್ರೆಸರ್ ನಿಲ್ಲದೆ ಓಡುತ್ತದೆ. ಫ್ಯಾನ್ ವೇಗ ಹೆಚ್ಚಿಸಿ. ಯೂನಿಟ್‌ನ ಸೆನ್ಸರ್ ಚಾವಣಿ ಹತ್ತಿರವಿದ್ದು ಅಲ್ಲಿ ಬಿಸಿ ಗಾಳಿ ಸೇರಿಕೊಳ್ಳುವುದರಿಂದ, ರಿಮೋಟ್‌ನಲ್ಲೇ ಸೆನ್ಸರ್ ಇದ್ದರೆ ಆ ಆಯ್ಕೆ ಆನ್ ಮಾಡಿ.

ಆಮೇಲೂ ಮೂರೂ ಕೋಣೆಗಳು ಒಟ್ಟಿಗೆ ಬಿಸಿಯಾಗದೇ ಹೋದರೆ ಮಾತ್ರ ಗ್ಯಾಸ್ ಮಾತು. ಆಗಲೂ ಅಂದಾಜಿಗೆ ಸೇರಿಸಲು ಬಿಡಬೇಡಿ: ಸೋರಿಕೆ ಹುಡುಕಿ ಸರಿಪಡಿಸಿ, ಇದ್ದದ್ದನ್ನು ಪೂರ್ತಿ ಹೊರತೆಗೆದು, ಪೈಪಿನ ಒಟ್ಟು ಉದ್ದಕ್ಕೆ ತಕ್ಕ ಪ್ರಮಾಣವನ್ನು ತೂಕ ಮಾಡಿಯೇ ತುಂಬಬೇಕು.