ಸಹಾಯ ಬೇಕು: ಮಾರಿದ ತೋಟವನ್ನು ಮನಸ್ಸು ಬಿಡುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ಮೂಡಿಗೆರೆ ಸಮೀಪದ ನಮ್ಮ ಕಾಫಿ ತೋಟವನ್ನು ಮಾರಿ ಚಿಕ್ಕಮಗಳೂರಿಗೆ ಬಂದು 2 ವರ್ಷವಾಯಿತು. ಆದರೂ ಬೆಳಗಿನ ಜಾವ ಧ್ಯಾನಕ್ಕೆ ಕುಳಿತೊಡನೆ ಅಪ್ಪ ನೆಟ್ಟ ಹಲಸಿನ ಮರವೂ ಅದಕ್ಕೆ ಹಬ್ಬಿಸಿದ ಕಾಳುಮೆಣಸಿನ ಬಳ್ಳಿಯೂ ಕಣ್ಣ ಮುಂದೆ ಬಂದು ನಿಲ್ಲುತ್ತವೆ. (ಮಾರಿದ್ದಕ್ಕೆ ಪಶ್ಚಾತ್ತಾಪವಿಲ್ಲ, ಸಾಲ ತೀರಿತು.) ರಮಣ ಮಹರ್ಷಿಗಳು ತಿಳಿಸಿದಂತೆ ಈ ಯೋಚನೆ ಯಾರಿಗೆ ಬಂತು ಎಂದು ಕೇಳಿಕೊಳ್ಳುತ್ತೇನೆ, ನನಗೆ ಎಂಬ ಉತ್ತರವೂ ಬರುತ್ತದೆ; ಆದರೆ ಆ ನಾನು ಯಾರು ಎಂದು ಮುಂದುವರಿದಾಗ ಪ್ರಶ್ನೆ ಬರಿಯ ಬಾಯಿಪಾಠವಾಗಿ, ಮನಸ್ಸು ಮತ್ತೆ ತೋಟದ ಗೇಟಿಗೇ ಹೋಗಿ ನಿಲ್ಲುತ್ತದೆ. ಈ ಪ್ರಶ್ನೆ ಜಪದಂತೆ ಮತ್ತೆ ಮತ್ತೆ ಹೇಳಿಕೊಳ್ಳುವಂಥದ್ದಲ್ಲ ಎಂಬುದು ಗೊತ್ತು. ಪ್ರಶ್ನೆಯನ್ನು ಮಾತಾಗಿಸದೆ, ನಾನೆಂಬ ಭಾವದಲ್ಲೇ ನಿಲ್ಲುವುದನ್ನು ಅಭ್ಯಾಸದಿಂದ ಬಲ್ಲವರು ದಯವಿಟ್ಟು ತಿಳಿಸಿ. ನಗರದಲ್ಲಿ ಜೊತೆಗೂಡಿ ಧ್ಯಾನಕ್ಕೆ ಕೂರುವವರಿದ್ದರೆ ಭಾನುವಾರ ಬೆಳಿಗ್ಗೆ ನಾನೂ ಬರಬಲ್ಲೆ.