ಟೆಸ್ಟೋಸ್ಟೆರಾನ್ 1,380, ವೀರ್ಯಾಣು ಸೊನ್ನೆ. ಇದು ಹೇಗೆ?

ದಾವಣಗೆರೆ ಸೊಸೆ:
ಮದುವೆಯಾಗಿ ಎರಡು ವರ್ಷ. ಮಗು ಆಗಿಲ್ಲ ಅಂತ ಇಬ್ಬರೂ ಟೆಸ್ಟ್ ಮಾಡಿಸಿದೆವು. ನನ್ನದೆಲ್ಲ ಸರಿಯಿದೆ. ಇವರ ರಿಪೋರ್ಟ್‌ನಲ್ಲಿ ವೀರ್ಯಾಣು 'ನಿಲ್' ಅಂತ ಬಂತು. ಆಳು ಗಟ್ಟಿಮುಟ್ಟು, ದಿನಾ ಜಿಮ್‌ಗೆ ಹೋಗುತ್ತಾರೆ. ಆಮೇಲೆ ಬಾಯಿಬಿಟ್ಟರು: ಟ್ರೈನರ್ ಮಾತು ಕೇಳಿ ಒಂದು ವರ್ಷದಿಂದ ಟೆಸ್ಟೋಸ್ಟೆರಾನ್ ಇಂಜೆಕ್ಷನ್ ತಗೊಳ್ತಿದ್ದಾರಂತೆ.

ರಕ್ತದಲ್ಲಿ ಟೆಸ್ಟೋಸ್ಟೆರಾನ್ 1,380. ಎಲ್‌ಎಚ್ 0.1ಕ್ಕಿಂತ ಕಡಿಮೆ, ಎಫ್‌ಎಸ್‌ಎಚ್ 0.2. "ಗಂಡಸಿನ ಹಾರ್ಮೋನ್ ಬೇಕಾದ್ದಕ್ಕಿಂತ ಜಾಸ್ತೀನೇ ಇದೆ, ತೊಂದರೆ ನಂದಲ್ಲ" ಅಂತಾರೆ. ಅತ್ತೆಯಂತೂ ನನ್ನ ಕೈಲೇ ಹರಕೆ ಹೊರಿಸುತ್ತಿದ್ದಾರೆ. ಇಂಜೆಕ್ಷನ್ ನಿಲ್ಲಿಸಿದರೆ ಸರಿಹೋಗುತ್ತಾ?

ಜಿಮ್ ರಾಜ:
ಗಾಬರಿ ಬೇಡ ಮೇಡಂ. ಸೈಕಲ್, ಅಂದರೆ ಇಂಜೆಕ್ಷನ್ ತಗೊಳ್ಳೋ ಅವಧಿ, ಮುಗಿದ ಮೇಲೆ ಪಿಸಿಟಿ ಮಾಡಬೇಕು ಅಷ್ಟೇ, ಅಂದರೆ ದೇಹದ ಸ್ವಂತ ಹಾರ್ಮೋನ್ ಮತ್ತೆ ಶುರುವಾಗೋಕೆ ಔಷಧಿ. ಕ್ಲೋಮಿಫೀನ್ ಮಾತ್ರೆ ನಾಲ್ಕು ವಾರ ತಗೊಂಡರೆ ಎಲ್ಲ ವಾಪಸ್ ಬರುತ್ತೆ. ನಮ್ಮ ಜಿಮ್‌ನಲ್ಲಿ ಎಲ್ಲರೂ ಮಾಡೋದು ಅದನ್ನೇ.

ಹುಬ್ಬಳ್ಳಿ ಲ್ಯಾಬ್:
ಮೇಡಂ, ನಾನು ಡಾಕ್ಟರ್ ಅಲ್ಲ, ಲ್ಯಾಬ್ ಟೆಕ್ನಿಷಿಯನ್. ಇಂಥ ರಿಪೋರ್ಟ್ ಆಗಾಗ ನೋಡುತ್ತೇನೆ. ನಿಮ್ಮವರು 1,380ನ್ನೇ ನೋಡಿ ಬೀಗುತ್ತಿದ್ದಾರೆ. ಉತ್ತರ ಇರೋದು ಉಳಿದೆರಡು ಸಾಲಿನಲ್ಲಿ.

ಎಲ್‌ಎಚ್, ಎಫ್‌ಎಸ್‌ಎಚ್ ಎರಡೂ ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿಯಿಂದ ಬರುತ್ತವೆ. ಎಲ್‌ಎಚ್ ಬಂದರೆ ವೃಷಣ ಟೆಸ್ಟೋಸ್ಟೆರಾನ್ ಮಾಡುತ್ತೆ. ಎಫ್‌ಎಸ್‌ಎಚ್ ವೀರ್ಯಾಣು ಬೆಳೆಯೋದಕ್ಕೆ ಬೇಕು. ಟ್ಯಾಂಕ್ ತುಂಬಿದರೆ ಬೋರ್‌ವೆಲ್ ಮೋಟರ್ ತಾನಾಗಿ ಆಫ್ ಆಗುತ್ತಲ್ಲ, ಹಾಗೇ ಇದು. ತುಂಬಿದ್ದು ಟ್ಯಾಂಕರ್ ನೀರಾದರೂ ಮೋಟರ್ ಆಫೇ. ಇಂಜೆಕ್ಷನ್‌ನಿಂದ ರಕ್ತ ತುಂಬಿದೆ, ಮೆದುಳು ಎಲ್‌ಎಚ್ ನಿಲ್ಲಿಸಿದೆ. 0.1 ಅಂದರೆ ಅದೇ.

ವೀರ್ಯಾಣು ಬೆಳೆಯೋಕೆ ವೃಷಣದ ಒಳಗೆ ರಕ್ತದಲ್ಲಿರೋದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ ಟೆಸ್ಟೋಸ್ಟೆರಾನ್ ಬೇಕು. ಅದು ಅಲ್ಲೇ ತಯಾರಾಗಬೇಕು. ಹೊರಗಿನಿಂದ ಎಷ್ಟು ಚುಚ್ಚಿದರೂ ಆ ಮಟ್ಟ ಬರಲ್ಲ. ಕೆಲಸ ನಿಂತ ವೃಷಣ ಚಿಕ್ಕದೂ ಆಗುತ್ತೆ.

ಇದೇನು ಹೊಸ ವಿಷಯ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆ ಟೆಸ್ಟೋಸ್ಟೆರಾನನ್ನು ಗಂಡಸರ ಗರ್ಭನಿರೋಧಕವಾಗಿ ಪರೀಕ್ಷಿಸಿ 1990ರಲ್ಲಿ ಫಲಿತಾಂಶ ಪ್ರಕಟಿಸಿತ್ತು. ವಾರಕ್ಕೆ 200 ಮಿಲಿಗ್ರಾಂ. 271 ಜನರಲ್ಲಿ 157 ಜನರಿಗೆ ವೀರ್ಯಾಣು ಸೊನ್ನೆಗೆ ಇಳಿಯಿತು. ನಿಮ್ಮವರು ದುಡ್ಡು ಕೊಟ್ಟು ಅದನ್ನೇ ಚುಚ್ಚಿಸಿಕೊಳ್ತಿದ್ದಾರೆ. ಅತ್ತೆಗೆ ಇದನ್ನು ಅವರೇ ಹೇಳಲಿ.

ರಾಜ, ನಾಲ್ಕು ವಾರದ ಲೆಕ್ಕ ಎಲ್ಲಿಂದ ತಂದಿರಿ? ಒಂದು ವೀರ್ಯಾಣು ತಯಾರಾಗೋಕೇ ಎರಡು ತಿಂಗಳ ಮೇಲೆ ಬೇಕು. ನಿಲ್ಲಿಸಿದ ಮೇಲೆ ಹೆಚ್ಚಿನವರಿಗೆ ಆರು ತಿಂಗಳಿಂದ ವರ್ಷದೊಳಗೆ ಸುಧಾರಿಸುತ್ತೆ. ಕೆಲವರಿಗೆ ಎರಡು ವರ್ಷ. ಪೂರ್ತಿ ಬಾರದವರೂ ಇದ್ದಾರೆ. ಕ್ಲೋಮಿಫೀನ್, ಎಲ್‌ಎಚ್ ಥರ ಕೆಲಸ ಮಾಡೋ ಎಚ್‌ಸಿಜಿ ಇಂಜೆಕ್ಷನ್ ಎರಡನ್ನೂ ಡಾಕ್ಟರ್ ಬರೆಯುತ್ತಾರೆ, ನಿಜ. ಆದರೆ ರಿಪೋರ್ಟ್ ನೋಡಿ, ಜಿಮ್‌ನ ಬೆಂಚ್ ಮೇಲೆ ಕೂತಲ್ಲ.

ದಾವಣಗೆರೆ ಸೊಸೆ:
ತುಂಬಾ ಥ್ಯಾಂಕ್ಸ್ ಅಣ್ಣ. ಹೀಮೊಗ್ಲೋಬಿನ್ 18.4 ಅಂತಲೂ ಇದೆ. ಅದಕ್ಕೂ ಇದಕ್ಕೂ ಸಂಬಂಧ ಇದೆಯಾ?

ಹುಬ್ಬಳ್ಳಿ ಲ್ಯಾಬ್:
ಇದೆ. ಟೆಸ್ಟೋಸ್ಟೆರಾನ್ ಕೆಂಪು ರಕ್ತಕಣ ಹೆಚ್ಚಿಸುತ್ತೆ, ರಕ್ತ ಗಟ್ಟಿಯಾಗುತ್ತೆ. ಅದೇ ರಿಪೋರ್ಟ್‌ನಲ್ಲಿ ಹೆಮಟೋಕ್ರಿಟ್, ಅಂದರೆ ರಕ್ತದಲ್ಲಿ ಕೆಂಪು ಕಣದ ಪಾಲು, ಎಷ್ಟಿದೆ ನೋಡಿ. ಶೇಕಡಾ 54 ದಾಟಿದರೆ ಚಿಕಿತ್ಸೆಗೆ ಅಂತ ಕೊಡೋ ಡಾಕ್ಟರೂ ತಡೆಹಿಡಿಯುತ್ತಾರೆ.

ಬೇಗ ಎಂಡೋಕ್ರೈನಾಲಜಿಸ್ಟ್ (ಹಾರ್ಮೋನ್ ಡಾಕ್ಟರ್) ಅಥವಾ ಆಂಡ್ರಾಲಜಿಸ್ಟ್ (ಗಂಡಸರ ಸಂತಾನ ಸಮಸ್ಯೆಯ ಡಾಕ್ಟರ್) ಹತ್ತಿರ ಹೋಗಿ. ಇಂಜೆಕ್ಷನ್ ಬಾಟಲಿಯನ್ನೂ ಒಯ್ಯಿರಿ, ಜಿಮ್‌ನಲ್ಲಿ ಹೇಳಿದ ಹೆಸರೇ ಒಳಗಿರುತ್ತೆ ಅಂತೇನಿಲ್ಲ. ವೀರ್ಯ ಪರೀಕ್ಷೆ ಇನ್ನೊಮ್ಮೆ ಮಾಡಿಸಿ. ನಿಲ್ಲಿಸಿದ ಮೊದಲ ತಿಂಗಳುಗಳಲ್ಲಿ ಸುಸ್ತು, ಸಿಡುಕು, ಆಸೆ ಇಲ್ಲದಿರೋದು ಇರುತ್ತೆ. ಹೊರಗಿನದು ಖಾಲಿ, ಒಳಗಿನದು ಇನ್ನೂ ಶುರುವಾಗಿಲ್ಲ. ಅದನ್ನು ತಡೀಲಾರದೆ ಎಷ್ಟೋ ಜನ ಮತ್ತೆ ಸೂಜಿ ಹಿಡಿಯುತ್ತಾರೆ. ಆಗ ಟ್ರೈನರ್ ಫೋನ್ ಎತ್ತಬೇಡಿ ಅಂತ ಅವರಿಗೆ ಹೇಳಿ.